ಮೂರು ನೀರಿನ ಹಿಂಡಿ

ಶ್ರಾವಣ ಮುಗಿಯಲು ಇನ್ನೊಂದು ವಾರ ಇತ್ತು. ಬೆಳಗಿನ ನಾಲ್ಕೂವರೆ ಗಂಟೆ. ಅಬುಧಾಬಿಯ ಕಡೆಯ ಅಲ್ ಐನ್ ಊರಿನಲ್ಲಿ ಆ ದಿನಗಳಲ್ಲಿ ಸೂರ್ಯ ಹುಟ್ಟುವ ಮೊದಲೇ ಗೋಡೆ ಬಿಸಿಯಾಗಿರುತ್ತದೆ. ಹಿಂದಿನ ದಿನದ ಬಿಸಿಲು ರಾತ್ರಿಯಿಡೀ ಆರದೆ ಅದರೊಳಗೇ ಕೂತಿರುತ್ತದೆ. ಆಸ್ಪತ್ರೆಯ ಹಿಂಬಾಗಿಲಿನ ಯಂತ್ರಕ್ಕೆ ಬೆರಳೊತ್ತಿ ಹಾಜರಿ ಹಾಕಿ ಕಮಲಾಬಾಯಿ ಅಡುಗೆಮನೆಗೆ ಬಂದಾಗ, ಪಾತ್ರೆ ತೊಳೆಯುವ ಆಮ್ನಾ ಆಗಲೇ ಕಟ್ಟೆಯ ಹತ್ತಿರ ನಿಂತಿದ್ದಳು. ನಲ್ಲಿ ಬಿಟ್ಟುಕೊಂಡಿದ್ದಳು, ಆದರೆ ಕೈಯಲ್ಲಿ ಪಾತ್ರೆ ಇರಲಿಲ್ಲ. ಕಿವಿಗೆ ಫೋನು ಹಿಡಿದಿದ್ದಳು. ನೀರು ಸುಮ್ಮನೆ ಹರಿದುಹೋಗುತ್ತಿತ್ತು.

"ಊಟಾತೇನ, ಆಮ್ನಾ?" ಎಂದಳು ಕಮಲಾಬಾಯಿ.

ಹೊತ್ತು ಮೂಡುವ ಮೊದಲು ಯಾರ ಊಟ ಆಗಿರುತ್ತದೆ? ಆದರೆ ಮುಧೋಳದ ಕಡೆಯ ಕಮಲಾಬಾಯಿಗೆ ಎದುರು ಬಂದವರನ್ನು ಮಾತಾಡಿಸಲು ಬೇರೆ ಮಾತೇ ಗೊತ್ತಿರಲಿಲ್ಲ. ಈ ದೇಶದಲ್ಲಿ ಇಪ್ಪತ್ತಾರು ವರ್ಷ ಬೇಯಿಸಿ ಬಡಿಸಿದರೂ ಅದು ಬದಲಾಗಿರಲಿಲ್ಲ. ಆಮ್ನಾ ಸೂಡಾನಿನವಳು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಕೆಲಸಕ್ಕೆ ಸೇರಿದ ವಾರದಲ್ಲೇ ಅವಳು ಇದಕ್ಕೆ ಉತ್ತರ ಕಲಿತಿದ್ದಳು. "ಆತ್ರಿ, ನಿಮ್ದು?" ಎಂದು ಅವಳು ಗಂಭೀರವಾಗಿ ಕೇಳಿದಾಗಲೆಲ್ಲ ಅಡುಗೆಮನೆಯವರು ನಗುತ್ತಿದ್ದರು.

ಆ ದಿನ ಮಾತ್ರ ಆಮ್ನಾ ಫೋನನ್ನು ಕಮಲಾಬಾಯಿಯ ಮುಖದ ಮುಂದೆ ಹಿಡಿದಳು. ತಟ್ಟೆಯ ಮೇಲೆ ಕಂದು ಬಣ್ಣದ ಒರಟು ಬಿಲ್ಲೆಯೊಂದರ ಚಿತ್ರ ಇತ್ತು.

"ಅಂಬಾಝ್" ಎಂದಳು. "ನನ್ನ ಮಗಳು ಈಗ ಇದನ್ನ ತಿಂತಾಳೆ, ಖಾಲಾ. ಬೇರೆ ಮಾಫಿ. ಏನೂ ಮಾಫಿ."

ಕಮಲಾಬಾಯಿ ಕನ್ನಡಕ ಹಾಕಿಕೊಂಡು ನೋಡಿದಳು. ಕನ್ನಡಕ ಬೇಕಾಗಿಯೇ ಇರಲಿಲ್ಲ. "ಯವ್ವಾ, ಇದು ಹಿಂಡಿ ಅಲ್ಲೇನ! ಶೇಂಗಾ ಹಿಂಡಿ!"

ಅವರಿಬ್ಬರದು ಅಡುಗೆಮನೆಯ ಭಾಷೆ. ಕಾಲು ಅರಬ್ಬಿ, ಕಾಲು ಹಿಂದಿ, ಉಳಿದದ್ದು ಕೈಸನ್ನೆ. ಅದರಲ್ಲಿ ಖಾಲಾ ಅಂದರೆ ಚಿಕ್ಕಮ್ಮ, ಮಾಫಿ ಅಂದರೆ ಇಲ್ಲ. ಅದರಲ್ಲೇ ಮೂರು ವರ್ಷ ಸುಖ ದುಃಖ ಹಂಚಿಕೊಂಡಿದ್ದರು. ಆಮ್ನಾಳ ಊರು ದಾರ್ಫುರದ ಅಲ್ ಫಾಶಿರ್. ಗಂಡ ಸತ್ತ ಮೇಲೆ ನಾಲ್ಕು ವರ್ಷದ ಮಗಳು ಸಲ್ಮಾಳನ್ನು ತಾಯಿಯ ಹತ್ತಿರ ಬಿಟ್ಟು, ಎರಡು ವರ್ಷದಲ್ಲಿ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಬಂದಿದ್ದಳು. ಅಷ್ಟರಲ್ಲಿ ಯುದ್ಧ ಹತ್ತಿಕೊಂಡಿತು. ಒಂದೇ ದೇಶದ ಎರಡು ಪಡೆಗಳು ಒಂದನ್ನೊಂದು ಹೊಡೆಯತೊಡಗಿದವು. ಅದರಲ್ಲೊಂದು ಪಡೆಯವರು ಕಳೆದ ವರ್ಷದಿಂದ ಊರನ್ನು ಸುತ್ತುವರಿದಿದ್ದರು. ಈಗ ಸುತ್ತಲೂ ಆಳೆತ್ತರದ ಮಣ್ಣಿನ ದಿಬ್ಬ ಹಾಕಿದ್ದರು. ಒಳಗೆ ಜೋಳದ ಒಂದು ಮೂಟೆ ಹೋಗುವಂತಿರಲಿಲ್ಲ, ಹೊರಗೆ ಒಬ್ಬ ಮನುಷ್ಯ ಬರುವಂತಿರಲಿಲ್ಲ. ಓಣಿಯಲ್ಲಿ ಯಾರದೋ ಹತ್ತಿರ ಉಪಗ್ರಹದಿಂದ ಇಂಟರ್ನೆಟ್ ಹಿಡಿಯುವ ಪೆಟ್ಟಿಗೆ ಇತ್ತು. ವಾರಕ್ಕೆ ಎರಡು ಸಲ ಅದರ ಮುಂದೆ ಸರದಿ ನಿಂತು ಅಜ್ಜಿ ದನಿ ಕಳಿಸುತ್ತಿದ್ದಳು. ಆ ಅಜ್ಜಿಯನ್ನು ಸಲ್ಮಾ ಹಬೋಬಾ ಎನ್ನುತ್ತಿದ್ದಳು. ಅವರ ಕಡೆ ಅಜ್ಜಿಗೆ ಹಾಗೇ ಅನ್ನುವುದು. ಕೇಳಿ ಕೇಳಿ ಕಮಲಾಬಾಯಿಯೂ ಹಾಗೇ ಅನ್ನುತ್ತಿದ್ದಳು.

"ತಿಂದರೆ ಹೊಟ್ಟೆ ಕಟ್ಟುತ್ತದಂತೆ. ರಾತ್ರಿಯೆಲ್ಲ ಅಳ್ತಾಳಂತೆ" ಎಂದಳು ಆಮ್ನಾ. "ಪಕ್ಕದ ಮನೆಯ ಮಗು ಇದನ್ನ ತಿಂದು ಸತ್ತುಹೋಯ್ತು."

"ತೊಳೀದs ಕೊಟ್ರ ಮತ್ತೇನಾಕ್ಕೈತಿ?" ಕಮಲಾಬಾಯಿಯ ದನಿ ತನಗೇ ಗೊತ್ತಿಲ್ಲದೆ ಏರಿತು. "ಹಿಂಡೀನ ಹಂಗ ತಿನ್ನಂಗಿಲ್ಲ. ತಾ ಇಲ್ಲೆ ಫೋನು. ನಾ ಹೇಳ್ತೇನಿ ನಿಮ್ಮವ್ವಗ."

ಅವಳು ಹೇಳಬಲ್ಲವಳೇ ಆಗಿದ್ದಳು. ಅವಳ ತವರು ಗಾಣದ ಮನೆ. ಎಪ್ಪತ್ತೆರಡರ ಬರದಲ್ಲಿ ಅವಳಿಗೆ ಒಂಬತ್ತು ವರ್ಷ. ಎಣ್ಣೆ ಕೊಳ್ಳುವವರಿಲ್ಲದೆ ಗಾಣ ನಿಂತಿತ್ತು, ಆದರೆ ಮೂಲೆಯಲ್ಲಿ ಎಣ್ಣೆ ತೆಗೆದು ಉಳಿದ ಹಿಂಡಿಯ ಚಕ್ಕೆಗಳು ಗೋಡೆಯಂತೆ ಒಟ್ಟಿದ್ದವು. ಎತ್ತಿಗೆಂದು ಇಟ್ಟದ್ದನ್ನು ಅವ್ವ ಓಣಿಯ ಮಂದಿಗೆಲ್ಲ ತಿನ್ನಲು ಬರುವಂತೆ ಮಾಡಿಕೊಟ್ಟಿದ್ದಳು. ಒಡೆದು ನೋಡಬೇಕು, ಹಸಿರು, ಕಪ್ಪು ಹಿಡಿದದ್ದನ್ನು ಮುಲಾಜಿಲ್ಲದೆ ಬಿಸಾಡಬೇಕು. ಉಳಿದದ್ದನ್ನು ರಾತ್ರಿ ನೆನೆಹಾಕಿ ಬೆಳಗ್ಗೆ ನೀರು ಚೆಲ್ಲಬೇಕು. ಮತ್ತೆ ಹಾಕಿ ಮತ್ತೆ ಚೆಲ್ಲಬೇಕು. ಮೂರನೆಯ ನೀರು ಕಹಿ ಬಿಟ್ಟ ಮೇಲೆ ಬಟ್ಟೆಯಲ್ಲಿ ಹಿಂಡಿ, ಉಪ್ಪು ಹಾಕಿ ಕುದಿಸಬೇಕು. ಚೆಲ್ಲಿದ ಮೂರೂ ನೀರನ್ನು ಅವ್ವ ಎತ್ತಿನ ಬಾನಿಗೆ ಸುರಿಯುತ್ತಿದ್ದಳು. ತನ್ನ ಪಾಲನ್ನು ಮಂದಿ ತಿನ್ನುತ್ತಿರುವುದನ್ನು ನೋಡುತ್ತ ಎತ್ತು ಆ ನೀರು ಕುಡಿಯುತ್ತಿತ್ತು. ಇಷ್ಟು ವರ್ಷವಾದರೂ ಆ ಎತ್ತಿನ ಕಣ್ಣು ಕಮಲಾಬಾಯಿಗೆ ನೆನಪಿತ್ತು.

ಫೋನಿನ ಗುಂಡಿ ಒತ್ತಿ ಹಿಡಿದು ಆಮ್ನಾ ಸನ್ನೆ ಮಾಡಿದಳು. ಕಮಲಾಬಾಯಿ ಗಂಟಲು ಸರಿಮಾಡಿಕೊಂಡು, ದೊಡ್ಡ ದನಿಯಲ್ಲಿ ಶುರುಮಾಡಿದಳು.

"ನಮಸ್ಕಾರ್ರಿ ಹಬೋಬಾ. ಊಟಾತೇನ್ರಿ?"

ಅಂದ ಮೇಲೆ ಅವಳಿಗೆ ತಾನು ಏನು ಕೇಳಿದೆ ಎಂದು ಹೊಳೆಯಿತು. ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಆಮ್ನಾ ನೆಲ ನೋಡಿದಳು, ಆದರೆ ಗುಂಡಿ ಬಿಡಲಿಲ್ಲ. ಉಳಿದದ್ದನ್ನು ಕಮಲಾಬಾಯಿ ಹೇಗೋ ಹೇಳಿ ಮುಗಿಸಿದಳು. ಆಮ್ನಾ ಎಲ್ಲವನ್ನೂ ತನ್ನ ಭಾಷೆಗೆ ತಿರುಗಿಸಿದಳು, ಮೊದಲ ಮಾತನ್ನೂ ಬಿಡದೆ.

"ಅದನ್ಯಾಕ ಹೇಳ್ದಿ, ಹುಚ್ಚಿ!" ಎಂದು ಕಮಲಾಬಾಯಿ ಬೈದಳು.

ಅಷ್ಟರಲ್ಲಿ ಮೇಲ್ವಿಚಾರಕ ಗೇಬ್ರಿಯಲ್ ಬಾಗಿಲಲ್ಲಿ ತಲೆ ಹಾಕಿದ. "ಯಲ್ಲಾ, ಯಲ್ಲಾ! ಕಮಲಕ್ಕ, ಏಳು ಗಂಟೆಗೆ ವಾರ್ಡಿಗೆ ಟ್ರೇ ಹೋಗ್ಬೇಕು ಮಾರಾಯ್ರೆ, ಇಲ್ಲಿ ಎಂತ ಪಂಚಾತಿಗೆ?" ಅವನು ಕರಾವಳಿಯ ಬೆಳ್ಮಣ್ಣಿನವನು, ಕೆಟ್ಟವನಲ್ಲ. ಇಬ್ಬರೂ ಕೆಲಸಕ್ಕೆ ತಿರುಗಿದರು. ಎಂಟೂವರೆಗೆ ವಾರ್ಡುಗಳಿಂದ ಟ್ರೇಗಳು ವಾಪಸು ಬಂದವು. ಅರ್ಧ ಕಚ್ಚಿದ ಇಡ್ಲಿ, ಮುಟ್ಟದ ಮೊಟ್ಟೆ, ಬ್ರೆಡ್ಡು. ರೋಗಿಯ ಮುಂದೆ ಹೋಗಿ ಬಂದದ್ದನ್ನು ಯಾರೂ ಮುಟ್ಟಬಾರದು ಎಂಬುದು ನಿಯಮ. ಎಲ್ಲವನ್ನೂ ಕೆರೆದು ಕರಿ ಚೀಲಕ್ಕೆ ತುಂಬುವುದು ಆಮ್ನಾಳ ಕೆಲಸ. ಅವಳು ಕೆರೆದಳು, ತುಂಬಿದಳು, ಚೀಲದ ಬಾಯಿ ಕಟ್ಟಿದಳು.

ನಾಲ್ಕನೆಯ ದಿನ ಹಬೋಬಾಳ ದನಿ ಬಂತು. ಮೊದಲಿಗೆ ಬರೀ ನಗು. ಮುದುಕಿಯ, ಕೆಮ್ಮು ಬೆರೆತ ನಗು.

"ಊಟ ಇನ್ನೂ ಆಗಿಲ್ಲ ಅಂತ ಹೇಳು ಅವಳಿಗೆ" ಎಂದು ಆಮ್ನಾ ತಿರುಗಿಸಿದಳು, ಅವಳೂ ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು. "ಒಂದೂವರೆ ವರ್ಷದಿಂದ ನನ್ನನ್ನ ಯಾರೂ ಇದನ್ನ ಕೇಳಿರ್ಲಿಲ್ಲ. ಎಲ್ಲರಿಗೂ ಗೊತ್ತು, ಅದಕ್ಕೆ ಕೇಳೋದಿಲ್ಲ. ಆ ಹಿಂದ್ ದೇಶದ ಹೆಂಗಸಿಗೆ ಹೇಳು, ದಿನಾ ಕೇಳಲಿ. ಅವಳದು ಆಯ್ತಾ ಅಂತ ನಾನೂ ಕೇಳ್ದೆ ಅನ್ನು."

ಸಲ್ಮಾಳ ಹೊಟ್ಟೆನೋವು ಇಳಿದಿತ್ತು. ಮೂರು ನೀರು ಚೆಲ್ಲಿದ ಅಂಬಾಝ್ ಮಗುವಿನ ಹೊಟ್ಟೆಯಲ್ಲಿ ನಿಂತಿತ್ತು. ಓಣಿಯ ಹೆಂಗಸರೂ ಕಲಿತರಂತೆ.

ಸೆಪ್ಟೆಂಬರ್ ಅರ್ಧದವರೆಗೆ ಹಾಗೇ ನಡೆಯಿತು. ಪ್ರತಿ ಸಲ ಕಮಲಾಬಾಯಿ ಊಟಾತೇನ್ರಿ ಎಂದು ಕೇಳುವುದು, ಅಲ್ಲಿಂದ ಹಬೋಬಾ ಒಂದಲ್ಲ ಒಂದು ಕುಚೇಷ್ಟೆಯ ಉತ್ತರ ಕಳಿಸುವುದು. ಒಮ್ಮೆ, ಇವತ್ತು ಕುರಿ ಕೊಯ್ದಿದ್ದೆವು, ನೀನು ಬರಲಿಲ್ಲ, ಎಂದಳು. ಒಮ್ಮೆ, ನಿನ್ನ ಹಿಂಡಿ ತಿಂದು ತಿಂದು ನನಗೆ ಬಾಲ ಬರುತ್ತಿದೆ, ಎಂದಳು. ಕಮಲಾಬಾಯಿ ಅದನ್ನು ರೂಮಿನ ಜೊತೆಗಾತಿ ಜೆಸ್ಸಿಗೆ ಹೇಳಿ ಹೇಳಿ ನಗುತ್ತಿದ್ದಳು. ತನ್ನ ಅವ್ವನ ಕೈಗುಣ ಸಮುದ್ರ ದಾಟಿ ಹೋಗಿ ಒಂದು ಕೂಸನ್ನು ಉಳಿಸಿತು ಎಂಬ ಸಣ್ಣ ಜಂಬವೂ ಅವಳಿಗೆ ಬಂದಿತ್ತು.

ಒಂದು ಬೆಳಗ್ಗೆ ಬಂದ ದನಿ ಸಲ್ಮಾಳದು. ಏಳು ವರ್ಷದ ಹುಡುಗಿ ಒಂದೇ ಉಸಿರಿಗೆ ಮಾತಾಡುತ್ತಿದ್ದಳು. ಆಮ್ನಾ ತಟ್ಟನೆ ಫೋನು ಆರಿಸಿದಳು.

ಆದರೆ ಕೇಳಬೇಕಾದದ್ದು ಕಮಲಾಬಾಯಿಯ ಕಿವಿಗೆ ಬಿದ್ದಾಗಿತ್ತು. ಅವಳಿಗೆ ಅರಬ್ಬಿ ಬರುತ್ತಿರಲಿಲ್ಲ, ಆದರೆ ಅಡುಗೆಮನೆಯ ಅರಬ್ಬಿ ಇಪ್ಪತ್ತಾರು ವರ್ಷದ್ದು. ಮೋಯಾ ಅಂದರೆ ನೀರು. ತಲಾತಾ ಅಂದರೆ ಮೂರು. ಅಂಬಾಝ್ ಗೊತ್ತೇ ಇತ್ತು. ರಿಜಿಲ್ ಅಂದರೆ ಕಾಲು; ಕುರಿಯ ಕಾಲು ತರಿಸುವಾಗ ಅಂಗಡಿಗೆ ಹೇಳುವ ಮಾತು ಅದು.

"ಮತ್ತೊಮ್ಮೆ ಹಚ್ಚು" ಎಂದಳು.

"ಬೇಡ ಖಾಲಾ. ಕೆಲಸ ಇದೆ."

"ಹಚ್ಚಂದ್ರ ಹಚ್ಚು. ಹಬೋಬಾನ ಕಾಲಿಗೆ ಏನಾಗೇತಿ?"

ಆಮ್ನಾ ನಲ್ಲಿ ನಿಲ್ಲಿಸಿದಳು. ನೀರಿನ ಸರದಿಯಲ್ಲಿ ನಿಂತಾಗ ಶೆಲ್ ಬಿತ್ತು, ಎಂದಳು. ಮೊಳಕಾಲಿನ ಕೆಳಗೆ ಚೂರು ಹೊಕ್ಕಿದೆ. ಆಸ್ಪತ್ರೆಯಲ್ಲಿ ಔಷಧ ಇಲ್ಲ, ಉಪ್ಪು ನೀರಲ್ಲಿ ತೊಳೆದು ಕಟ್ಟಿದ್ದಾರೆ. ಈಗ ನಡೆಯಲು ಆಗುವುದಿಲ್ಲ.

"ನೀರಿಗೆ ಯಾಕ ಹೋಗಿದ್ದಳು?"

ಆಮ್ನಾ ಪಾತ್ರೆಗಳನ್ನು ಒಂದರೊಳಗೊಂದು ಇಡತೊಡಗಿದಳು.

"ಕುಡಿಯೂ ನೀರಿಗೋ, ಹಿಂಡಿ ತೊಳಿಯೂ ನೀರಿಗೋ?"

"ಕುಡಿಯೋದಕ್ಕೆ ಬೆಳಗ್ಗೆ ಒಂದು ಸಲ ಹೋಗಿ ತಂದಿದ್ಳು" ಎಂದಳು ಆಮ್ನಾ. "ಅದು ಎರಡನೇ ಸಲ."

"ಎಷ್ಟ ದಿನಾತು?"

"ಹನ್ನೆರಡು."

"ನನಗ್ಯಾಕ ಹೇಳ್ಲಿಲ್ಲ?"

"ಅಮ್ಮ ಬೇಡ ಅಂದ್ಲು. ಗೊತ್ತಾದ್ರೆ ಆ ಹೆಂಗಸು ಊಟ ಆಯ್ತಾ ಅಂತ ಕೇಳೋದು ಬಿಟ್ಟುಬಿಡ್ತಾಳೆ ಅಂದ್ಲು."

ಕಮಲಾಬಾಯಿ ಅಕ್ಕಿಯ ಡಬ್ಬಿಯ ಮೇಲೆ ಕುಳಿತುಬಿಟ್ಟಳು. ಅವಳ ತವರಿನ ಹಿತ್ತಲ ಬಾವಿ ಬರದಲ್ಲೂ ಬತ್ತಿರಲಿಲ್ಲ. ಅವ್ವ ಮೂರು ನೀರು ಚೆಲ್ಲಿದ್ದು ಆ ಬಾವಿಯ ಬಲದ ಮೇಲೆ. ಈ ಅಡುಗೆಮನೆಯಲ್ಲಂತೂ ನಲ್ಲಿ ತಿರುವಿದರೆ ನೀರು. ಹಿಂಡಿಯ ವಿಷಯ ಎಲ್ಲ ನೆನಪಿಟ್ಟವಳಿಗೆ, ನೀರು ಎಲ್ಲಿಂದ ಬರುತ್ತದೆ ಎಂದು ಕೇಳಬೇಕೆಂದು ಒಂದು ಸಲವೂ ಅನ್ನಿಸಿರಲಿಲ್ಲ.

ಶುಕ್ರವಾರ ರಜೆ. ಅವಳು ಬಸ್ಸು ಹಿಡಿದು ದನಕುರಿಗಳ ಮಾರುಕಟ್ಟೆಗೆ ಹೋದಳು. ಮೇವಿನ ಅಂಗಡಿಯಲ್ಲಿದ್ದವನು ಉಪ್ಪಳದ ಸವಾದ್. ಸೀರೆ ನೋಡಿ ಕನ್ನಡದಲ್ಲೇ ಮಾತಿಗಿಳಿದ.

"ನೆಲಗಡಲೆ ಹಿಂಡಿಯಾ ಉಮ್ಮ? ಉಂಟು. ಎಷ್ಟು ಆಡು ಉಂಟು ನಿಮ್ಮಲ್ಲಿ?"

"ಒಂದs" ಎಂದಳು ಕಮಲಾಬಾಯಿ.

"ಒಂದು ಆಡಿಗೆ ಗೋಣಿ ಎಂತಕ್ಕೆ? ನಾಲ್ಕು ಕಿಲೋ ಸಾಕು. ಮುದಿ ಆಡಾ, ಮರಿಯಾ?"

"ಮುದೀದು."

"ಹಾಗಾದರೆ ನೆನೆಸಿ ಹಾಕಿ. ಹಲ್ಲು ಗಟ್ಟಿ ಇರುದಿಲ್ಲಲ್ಲ."

ರೂಮಿಗೆ ತಂದು ಅವಳು ಒಂದು ಸ್ಟೀಲಿನ ಲೋಟ ಅಳತೆಗೆ ಇಟ್ಟುಕೊಂಡಳು. ದಿನಕ್ಕೆ ಒಂದೇ ಲೋಟ ನೀರು. ಅದಕ್ಕಿಂತ ಹೆಚ್ಚು ಮುಟ್ಟಕೂಡದು. ಅಷ್ಟರಲ್ಲಿ ಹಿಂಡಿಯ ಕಹಿ ತೆಗೆಯಬೇಕು, ಹೊಟ್ಟೆಯಲ್ಲಿ ನಿಲ್ಲುವಂತೆ ಮಾಡಬೇಕು. ಮಾಡಿದ್ದನ್ನು ತಾನೇ ತಿನ್ನಬೇಕು, ಬೇರೇನೂ ತಿನ್ನದೆ.

ಜೆಸ್ಸಿ ಶಿರ್ವದವಳು, ಅದೇ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ. ಡ್ಯೂಟಿ ಮುಗಿಸಿ ಬಂದವಳು ಬಾಗಿಲಲ್ಲೇ ಮೂಗು ಹಿಡಿದಳು.

"ಕಮಲಕ್ಕಾ! ಎಂತ ವಾಸನೆ ಇದು ಮಾರಾಯ್ರೆ? ದನಕ್ಕೆ ಹಾಕುದನ್ನು ಹುರಿತಾ ಇದ್ದೀರಲ್ಲ!"

"ಹುರದ್ರ ಕಹಿ ಹೊಕ್ಕೈತೇನಂತ ನೋಡಾಕ್ಹತ್ತೇನಿ."

"ಮತ್ತೆ ಯಾರಿಗೆ?"

"ನನಗ."

ಮೊದಲ ದಿನ ವಾಂತಿಯಾಯಿತು. ಎರಡನೆಯ ದಿನ ಹೊಟ್ಟೆ ಕಲ್ಲಿನಂತೆ ಕಟ್ಟಿತು. ಮೂರನೆಯ ದಿನ ಜೆಸ್ಸಿ ಗಂಜಿ ಮಾಡಿ ತಂದು ಮುಂದೆ ಇಟ್ಟಳು. ಕಮಲಾಬಾಯಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನಿಮ್ಮ ಮಂಡೆ ಸಮ ಉಂಟಾ?" ಜೆಸ್ಸಿ ಅಳುವಂತಾದಳು. "ಅರವತ್ತೆರಡು ವರ್ಷ ಆಯ್ತು ನಿಮ್ಗೆ. ನೀವು ಇಲ್ಲಿ ತಿಂದ್ರೆ ಅಲ್ಲಿಯವರ ಹೊಟ್ಟೆ ತುಂಬ್ತದಾ?"

"ತುಂಬೂದಿಲ್ಲ, ಜೆಸ್ಸಿ. ಬರೇ ಬಾಯಿಲೆ ಹೇಳಿದ್ದಕ್ಕ ಆಕೀದೊಂದು ಕಾಲು ಹೋತು. ಈ ಸರ್ತೆ ತಿಂದs ಹೇಳ್ತೇನಿ."

ಒಲೆಯ ಮುಂದೆ ಅವಳು ಸೌಟು ಬಿಟ್ಟು ಗೋಡೆಗೆ ಒರಗುವುದನ್ನು ಗೇಬ್ರಿಯಲ್ ನೋಡಿದ. "ಎಂತ ಕಮಲಕ್ಕ, ಉಪವಾಸವಾ? ಯಾವ ಹಬ್ಬ ಈಗ?" ಎಂದ. ಹೌದಪಾ, ಉಪವಾಸ, ಎಂದಳು. ನವರಾತ್ರಿ ಹತ್ತಿರ ಇತ್ತು, ಅವನು ನಂಬಿದ. ವಾಪಸು ಬಂದ ಟ್ರೇಗಳು ಅವಳ ಪಕ್ಕದಿಂದಲೇ ಹೋಗುತ್ತಿದ್ದವು. ಹಸಿದಾಗ ಮೊಟ್ಟೆಯ ವಾಸನೆ ಎಷ್ಟು ದೂರದಿಂದ ಬರುತ್ತದೆ ಎಂಬುದು ಅವಳಿಗೆ ಐವತ್ತು ವರ್ಷದ ಮೇಲೆ ಮತ್ತೆ ಗೊತ್ತಾಯಿತು.

ಒಂಬತ್ತನೆಯ ದಿನ ಹದ ಸಿಕ್ಕಿತು. ಹಿಂಡಿಯನ್ನು ಒಣಗಿದ್ದಂತೆಯೇ ಕುಟ್ಟಬೇಕು. ಜರಡಿ ಹಿಡಿದು ಸಿಪ್ಪೆ ತೆಗೆಯಬೇಕು. ಸಣ್ಣ ಉರಿಯಲ್ಲಿ, ಹಸಿ ವಾಸನೆ ಹೋಗಿ ಹುರಿದ ಶೇಂಗಾದ ವಾಸನೆ ಬರುವವರೆಗೂ ಬಿಡದೆ ಹುರಿಯಬೇಕು. ಆಮೇಲೆ ಅರ್ಧ ಲೋಟ ಕುದಿನೀರು ಚಿಮುಕಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಮುಚ್ಚಿಟ್ಟು, ಹಿಂಡಿದರೆ ಒಂದಿಷ್ಟು ಕಪ್ಪು ರಸ ಬಿಡುತ್ತದೆ. ಅದಷ್ಟನ್ನೇ ಚೆಲ್ಲಬೇಕು. ಉಳಿದರ್ಧ ಲೋಟದಲ್ಲಿ ಕಲಸಿ, ಅಂಗೈಯಗಲ ತಟ್ಟಿ, ತಗಡಿನ ಮೇಲೆ ಎರಡೂ ಕಡೆ ಸುಟ್ಟರೆ ನಾಲ್ಕು ದಿನ ಕೆಡುವುದಿಲ್ಲ. ಅದನ್ನು ತಿಂದು ಎರಡು ದಿನ ಅವಳ ಹೊಟ್ಟೆ ನೋಯಲಿಲ್ಲ. ರುಚಿ ಎನ್ನುವಂಥದ್ದು ಏನೂ ಇರಲಿಲ್ಲ. ಮಣ್ಣು ತಿಂದ ಹಾಗೆ.

ಗುಂಡಿ ಒತ್ತಿ ಹಿಡಿದ ಆಮ್ನಾಳ ಮುಂದೆ ಅವಳು ಅದನ್ನೆಲ್ಲ ನಿಧಾನವಾಗಿ ಹೇಳಿದಳು.

"ಹಬೋಬಾ, ಊಟಾತೇನ್ರಿ?" ಎಂದಳು ಕೊನೆಗೆ. "ನಂದಾತು. ನೀವು ತಿನ್ನೂದನ್ನs ನಾನೂ ಉಂಡೇನಿ. ಇನ್ನ ಒಂದ ಲೋಟಾ ನೀರು ಸಾಕು. ಎರಡನೇ ಸರ್ತೆ ಹೋಗಬ್ಯಾಡ್ರಿ. ನಂದು ತಪ್ಪಾತು."

ಉತ್ತರ ಬರಲು ಇಪ್ಪತ್ತು ದಿನ ಹಿಡಿಯಿತು. ಪೆಟ್ಟಿಗೆಯ ಮನೆಯ ಮೇಲೆ ಬಾಂಬು ಬಿದ್ದಿತ್ತು, ಹೊಸ ಜಾಗ ಹುಡುಕಬೇಕಾಯಿತು. ಆ ದನಿಯಲ್ಲಿ ನಗು ಇರಲಿಲ್ಲ, ಬಹಳ ದಣಿದಿತ್ತು. ಕಾಲು ಕೊಳೆಯುತ್ತಿದೆ ಎಂದು ಹಬೋಬಾ ಹೇಳಲಿಲ್ಲ. ವಾಸನೆಗೆ ಬೆಕ್ಕು ಕೂಡ ಹತ್ತಿರ ಬರುವುದಿಲ್ಲ, ಬೆಕ್ಕಿದ್ದರೆ ತಾನೆ, ಎಂದಷ್ಟೇ ಹೇಳಿದಳು. ತಪ್ಪಿನ ಮಾತಿಗೆ ಅವಳು ಉತ್ತರ ಕೊಡಲಿಲ್ಲ. ಸುಟ್ಟ ಬಿಲ್ಲೆಯನ್ನು ಸಲ್ಮಾ ಅಳದೆ ತಿನ್ನುತ್ತಾಳೆ ಎಂದಿದ್ದಳು. ನಾಲ್ಕು ದಿನ ಕೆಡುವುದಿಲ್ಲ ಎಂದದ್ದು ನಿಜವೇ ಎಂದು ಎರಡು ಸಲ ಕೇಳಿದ್ದಳು.

"ನಾಲ್ಕ ದಿನ ಯಾಕ ಕೇಳ್ತಾಳಾಕಿ?" ಎಂದಳು ಕಮಲಾಬಾಯಿ.

ಆಮ್ನಾ ಬಟ್ಟೆಯಿಂದ ಕಟ್ಟೆ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. "ತವೀಲಾಕ್ಕೆ ಮೂರು ರಾತ್ರಿ ನಡಿಗೆ" ಎಂದಳು. ದಿಬ್ಬದ ಆಚೆ, ಅನ್ನ ನೀರು ಸಿಗುವ ಜಾಗ ಎಂದರೆ ಅದೊಂದೇ.

ಹಬೋಬಾಳ ಕೊನೆಯ ದನಿ ಅಕ್ಟೋಬರ್ ಇಪ್ಪತ್ತನಾಲ್ಕರದು, ಶುಕ್ರವಾರ. ಕಮಲಾಬಾಯಿಯ ರೂಮಿನ ಕೆಳ ಮಂಚದ ಮೇಲೆ ಕೂತು ಜೆಸ್ಸಿಯೂ ಸೇರಿ ಮೂವರೂ ಕೇಳಿದರು. ಪಕ್ಕದ ಮನೆಯ ಝಹ್ರಾ ಇವತ್ತು ಹೊರಡುತ್ತಾಳೆ, ಸಲ್ಮಾಳನ್ನು ಅವಳ ಕೈಗೆ ಹಾಕಿದ್ದೇನೆ, ಹತ್ತು ಬಿಲ್ಲೆ ಬಟ್ಟೆಯಲ್ಲಿ ಕಟ್ಟಿ ಸೊಂಟಕ್ಕೆ ಬಿಗಿದಿದ್ದೇನೆ, ಒಂದೇ ಸಲಕ್ಕೆ ತಿನ್ನಬೇಡ ಅಂತ ಹೇಳಿದ್ದೇನೆ. ನನ್ನನ್ನು ಹೊರುವವರು ಯಾರೂ ಇಲ್ಲ, ಹೊರಿ ಅಂತ ನಾನು ಕೇಳಿಯೂ ಇಲ್ಲ. ಇಷ್ಟು ಹೇಳಿದಳು ಮುದುಕಿ. ಆಮೇಲಿನ ಮಾತು ಕನ್ನಡದ್ದು. ಆಮ್ನಾ ಯಾವಾಗ ಕಲಿಸಿದ್ದಳೋ.

"ಆತ್ರಿ" ಎಂದಳು ಹಬೋಬಾ. "ನಿಮ್ದು?"

ಜೆಸ್ಸಿ ಎದ್ದು ಬಾತ್‌ರೂಮಿಗೆ ಹೋದಳು.

ಭಾನುವಾರ ಅಲ್ ಫಾಶಿರ್ ಬಿತ್ತು, ಮುತ್ತಿದವರು ಒಳಗೆ ನುಗ್ಗಿದರು. ಟೀವಿಯಲ್ಲಿ ಬಂತು, ಫೋನುಗಳಲ್ಲಿ ಬಂತು. ಆಮ್ನಾ ಯಾವುದನ್ನೂ ನೋಡಲಿಲ್ಲ. ಟ್ರೇ ಕೆರೆದಳು, ಚೀಲ ಕಟ್ಟಿದಳು. ಯಾರಾದರೂ ಮಾತಾಡಿಸಿದರೆ ಖಲಾಸ್ ಎನ್ನುತ್ತಿದ್ದಳು, ಅಷ್ಟೇ. ಕಮಲಾಬಾಯಿ ಅವಳ ಪಕ್ಕ ನಿಂತು ಪಾತ್ರೆ ಒರೆಸುತ್ತಿದ್ದಳು. ಅದು ಅವಳ ಕೆಲಸವಲ್ಲ. ಗೇಬ್ರಿಯಲ್ ನೋಡಿಯೂ ನೋಡದವನಂತೆ ಹೋಗುತ್ತಿದ್ದ. ಆ ಹನ್ನೊಂದು ದಿನ ಕಮಲಾಬಾಯಿ ಯಾರನ್ನೂ ಊಟಾತೇನ ಎಂದು ಕೇಳಲಿಲ್ಲ.

ಹನ್ನೆರಡನೆಯ ದಿನ, ಗುರುವಾರ, ಗುರುತಿಲ್ಲದ ನಂಬರಿನಿಂದ ಒಂದು ಫೋಟೋ ಬಂತು. ತವೀಲಾದ ಗುಡಾರದ ಮುಂದೆ ಝಹ್ರಾ, ಅವಳ ಸೆರಗು ಹಿಡಿದು ಒಂದು ಮಗು. ಕಾಲು ಕಡ್ಡಿಯಂತಿದ್ದವು, ಕಣ್ಣು ದೊಡ್ಡವಾಗಿದ್ದವು. ಸೊಂಟದಲ್ಲಿ ಬಟ್ಟೆಯ ಗಂಟು ಇನ್ನೂ ಇತ್ತು. ಎರಡು ಬಿಲ್ಲೆ ಉಳಿದಿವೆಯಂತೆ, ಯಾರು ಕೇಳಿದರೂ ಬಿಚ್ಚಲು ಕೊಡುವುದಿಲ್ಲವಂತೆ, ಹಬೋಬಾಳ ಪಾಲು ಅನ್ನುತ್ತಾಳಂತೆ. ಚಾಡ್ ದೇಶದ ಗಡಿಯಲ್ಲಿ ಝಹ್ರಾಳ ಅಣ್ಣನಿದ್ದಾನೆ. ಅಲ್ಲಿಯವರೆಗೆ ಮಗುವನ್ನು ಅವಳು ತಲುಪಿಸಬಲ್ಲಳು, ಮುಂದಿನದು ತಾಯಿಯದು.

ಆಮ್ನಾ ಆವತ್ತೇ ವೀಸಾ ಕ್ಯಾನ್ಸಲ್ ಮಾಡಲು ಬರೆದುಕೊಟ್ಟಳು. ಇಲ್ಲಿ ಬಿಟ್ಟರೆ ಮತ್ತೆ ಕೆಲಸ ಸಿಗಲಿಕ್ಕಿಲ್ಲ ಎಂದು ಗೇಬ್ರಿಯಲ್ ಎರಡು ಸಲ ಹೇಳಿದ. ಗೊತ್ತು ಎಂದಳು.

ಆಮ್ನಾ ಚಾಡಿಗೆ ಹೊರಡುವ ದಿನ ಕಮಲಾಬಾಯಿ ಎರಡು ಗಂಟೆ ಮೊದಲೇ ಎದ್ದು ಜೋಳದ ರೊಟ್ಟಿ ಬಡಿದಳು. ಖಡಕ್ ಮಾಡಿ ಡಬ್ಬಿಗೆ ತುಂಬಿದಳು. ಅಬುಧಾಬಿಯ ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸಿನ ಹತ್ತಿರ ಡಬ್ಬಿ ಕೊಡುವಾಗ, "ಇದು ತಿಂಗಳಗಟ್ಟಲೆ ಕೆಡೂದಿಲ್ಲ" ಎಂದಳು. "ನೀರೂ ಬೇಕಾಗೂದಿಲ್ಲ."

ಆಮ್ನಾ ಬಾಗಿ ಅವಳ ನೆತ್ತಿಗೆ ಮುತ್ತಿಟ್ಟು ಬಸ್ಸು ಹತ್ತಿದಳು. ಇಬ್ಬರೂ ಹಬೋಬಾಳ ಹೆಸರೆತ್ತಲಿಲ್ಲ. ಊರು ಬಿದ್ದ ಆ ಭಾನುವಾರದ ಆಚೆಗೆ ಆ ಮುದುಕಿಯನ್ನು ನೋಡಿದವರು ಯಾರೂ ಇಲ್ಲ. ಸಲ್ಮಾ ಹೊರಟದ್ದು ಅಕ್ಟೋಬರಿನ ಆ ಶುಕ್ರವಾರ. ಅವಳನ್ನು ಸೇರಲು ಆಮ್ನಾ ಹೊರಟದ್ದು ನವೆಂಬರ್ ಹನ್ನೆರಡು, ಬುಧವಾರ.